ಗುಂಡಿಗೊಂದು ಜಾಹೀರಾತು

ಹೊಸ ಮೊಬೈಲುಗಳ ಹಾರ್ಡ್‌ವೇರ್‌ನಿಂದ, ಅಂದರೆ ಒಳಗಿನ ಚಿಪ್ಪು, ಸೆನ್ಸರುಗಳಿಂದ, ಮಾರುಕಟ್ಟೆಗೆ ಅಪಾರ ಅವಕಾಶ ತೆರೆದುಕೊಳ್ಳಲಿದೆಯಂತೆ. ವಾಣಿಜ್ಯ ಪುಟಗಳೆಲ್ಲ ಪುಳಕಗೊಂಡಿವೆ. ಇಷ್ಟು ದಿನ ಕಂಪನಿಗಳಿಗೆ ನಾವು ಕಲಬುರಗಿಯವರು ಎಂದಷ್ಟೇ ಗೊತ್ತಿತ್ತು. ಇನ್ನು ಮುಂದೆ ಸೂಪರ್ ಮಾರ್ಕೆಟ್ ಎಂಬ ನಮ್ಮೂರ ಪೇಟೆಯ ಯಾವ ಅಂಗಡಿಯ ಯಾವ ಕಪಾಟಿನ ಮುಂದೆ ನಿಂತು, ರೇಟು ಕೇಳಿ, ಮುಖ ಸಿಂಡರಿಸಿ ಹೊರಬಂದೆವು ಎಂಬುದೂ ಗೊತ್ತಾಗಲಿದೆ. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಚಿಪ್ 2019ರಲ್ಲೇ ಐಫೋನಿನೊಳಗೆ ಬಂದು ಕೂತಿದೆ. ಯಾವುದು ಎಲ್ಲಿದೆ ಎಂಬುದನ್ನು ಗೇಣಿನ ಲೆಕ್ಕದಲ್ಲಿ ಹೇಳುತ್ತದೆ. ನಮ್ಮ ಸೂಪರ್ ಮಾರ್ಕೆಟಿನಲ್ಲಿ ಗೇಣು ಜಾಗ ಖಾಲಿ ಇದ್ದರೆ ತಾನೇ!

ಗಾಳಿಯ ಒತ್ತಡ ಅಳೆದು ನೀವು ಎಷ್ಟು ಎತ್ತರಕ್ಕೆ ಏರಿದ್ದೀರಿ ಎಂದು ಅಂದಾಜಿಸುವ ಬ್ಯಾರೋಮೀಟರೂ ಇದೆ. ಮಾಲ್‌ನ ಮೂರನೇ ಮಹಡಿ ಹತ್ತಿದವನಿಗೆ ಆ ಮಹಡಿಯ ಬಟ್ಟೆಯಂಗಡಿಯ ರಿಯಾಯಿತಿಯನ್ನೇ ಕಳಿಸಬಹುದು. ನಾವು ಮೇಲೆ ಹತ್ತುವುದು ಬೇಸಿಗೆಯಲ್ಲಿ ಕರೆಂಟು ಹೋದ ರಾತ್ರಿ, ಮಾಳಿಗೆಯ ಮೇಲೆ ಹಾಸಿಗೆ ಹಾಸಲು. ಆಗ ಏನು ಮಾರುತ್ತಾರೋ? ಸೊಳ್ಳೆ ಪರದೆ ಇರಬೇಕು.

ಬೇಸಿಗೆಯ ಮಾತು ಬಂತು. ಐಫೋನನ್ನು 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಿ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಮೇ ತಿಂಗಳಲ್ಲಿ 40 ಡಿಗ್ರಿ ಎಂದರೆ ನಾವು ‘ಇವತ್ತು ಸ್ವಲ್ಪ ತಂಪು’ ಎನ್ನುವ ಜನ. ನಡುಮಧ್ಯಾಹ್ನ ಜಗತ್ ವೃತ್ತದಲ್ಲಿ ನಿಂತು ಫೋನು ಹಿಡಿದರೆ, ತಾನು ತಣ್ಣಗಾಗಬೇಕು ಎಂದು ಪರದೆಯ ಮೇಲೆ ಚೀಟಿ ತೋರಿಸಿ ಕಣ್ಣು ಮುಚ್ಚುತ್ತದೆ. ಬಿಸಿಲು ನೋಡಿ ನಮಗೆ ಕಬ್ಬಿನ ಹಾಲು ಮಾರಬೇಕಾದ ಯಂತ್ರಕ್ಕೇ ಮೊದಲು ಒಂದು ಲೋಟ ಕುಡಿಸಬೇಕು, ಐಸು ಹೆಚ್ಚು ಹಾಕಿ.

ನನ್ನ ಪೂರ್ಣ ಗೌರವ ಮಾತ್ರ ಫೋನಿನ ಕುಲುಕಾಟ ಅಳೆಯುವ ಅಕ್ಸೆಲೆರೋಮೀಟರಿಗೆ. ಬೈಕು ಗುಂಡಿಗೆ ಬಿದ್ದರೆ ಜೇಬಿನಲ್ಲಿರುವ ಅದಕ್ಕೆ ತಕ್ಷಣ ತಿಳಿಯುತ್ತದೆ. ಗುಂಡಿಯ ವಿಳಾಸ ಜಿಪಿಎಸ್ ಕೊಡುತ್ತದೆ. ಎರಡನ್ನೂ ಸೇರಿಸಿದರೆ ಊರಿನ ಗುಂಡಿಗಳ ಪಹಣಿಯೇ ಸಿದ್ಧ! ರಸ್ತೆ ಮಾಡಿಸಬೇಕಾದವರಿಗೆ ಅದು ಬೇಕಾಗಿಲ್ಲ, ನೋವಿನ ಮುಲಾಮು ಮಾರುವವರಿಗೆ ಬೇಕಾಗಿದೆ. ಗುಂಡಿ ದಾಟಿದ ಕೂಡಲೇ ನಡುವಿಗೆ ಕಟ್ಟುವ ಬೆಲ್ಟಿನ ಜಾಹೀರಾತು. ದಾಟದಿದ್ದರೆ ಮನೆಯವರ ಫೋನಿಗೆ ವಿಮೆಯದು. ಗುಂಡಿ ಮುಚ್ಚಿದರೆ ಇಷ್ಟು ಜನರ ವ್ಯಾಪಾರವೂ ಮುಚ್ಚಿಹೋಗುತ್ತದೆ. ದಯವಿಟ್ಟು ಅಭಿವೃದ್ಧಿಗೆ ಅಡ್ಡಗಾಲು ಹಾಕಬೇಡಿ.

ಇನ್ನು ಬೆರಳಚ್ಚು. ಅದನ್ನು ಓದುವ ಸೆನ್ಸರ್ ಈಗ ಪರದೆಯ ಅಡಿಗೇ ಬಂದಿದೆ. ಮುಟ್ಟಿದರೆ ಸಾಕು, ಖರೀದಿ ಮುಗಿಯಿತು. ಅತ್ತ ಪಡಿತರ ಅಂಗಡಿಯಲ್ಲಿ, ಹತ್ತಿ ಬಿಡಿಸಿ ತೊಗರಿ ಕೊಯ್ದು ಗೆರೆ ಸವೆದ ಹೆಬ್ಬೆರಳನ್ನು ಮುದುಕಿಯೊಬ್ಬಳು ಯಂತ್ರದ ಮೇಲೆ ಒತ್ತುತ್ತಾಳೆ. ಅದು ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಒಪ್ಪುವುದಿಲ್ಲ. ‘ನಾಳೆ ಬಾ, ಆಯಿ’ ಎನ್ನುತ್ತಾರೆ. ನಾಳೆ ಸರ್ವರ್ ಇರುವುದಿಲ್ಲ. ಕೊಳ್ಳುವವನ ಬೆರಳನ್ನು ರೆಪ್ಪೆ ಮಿಟುಕಿಸುವಷ್ಟರಲ್ಲಿ ಗುರುತಿಸುವ ಈ ಜಾಣತನವೆಲ್ಲ ಅಕ್ಕಿ ಕೇಳುವ ಬೆರಳಿನ ಮುಂದೆ ಎಲ್ಲಿಗೆ ಹೋಗುತ್ತದೆ? ಒಂದು ದಿನದ ಕೂಲಿ ಬಿಟ್ಟು ಬಂದವಳು ಆಕೆ. ಇದರಲ್ಲಿ ನಗುವಂಥದ್ದು ನನಗೇನೂ ಕಾಣುತ್ತಿಲ್ಲ.

ಆಕೆಯದು ಬಟನ್ ಒತ್ತುವ ಹಳೆಯ ಫೋನು. ಅದರಲ್ಲಿ ಬ್ಯಾರೋಮೀಟರ್ ಇಲ್ಲ, ಬೆರಳಚ್ಚು ಓದುವುದೂ ಇಲ್ಲ. ಆದರೂ 140ರಿಂದ ಶುರುವಾಗುವ ಮಾರಾಟದ ಕರೆಯ ಸಂಖ್ಯೆಯಿಂದ ಒಬ್ಬರು ಆಕೆಯನ್ನು ಹುಡುಕಿಕೊಂಡು, ಹೊಸ ಕಾರಿಗೆ ಸಾಲ ಬೇಕೇ ಎಂದು ಹಿಂದಿಯಲ್ಲಿ ಕೇಳುತ್ತಿದ್ದಾರೆ.