ಕಾರಿನ ಹೊಟ್ಟೆಗೆ ತಗಡು: ಅಲ್ಲೊಂದು, ಬಳ್ಳಾರಿಯಲ್ಲೊಂದು

ಕಳೆದ ಡಿಸೆಂಬರಿನಲ್ಲಿ ರಜೆಗೆಂದು ಬಳ್ಳಾರಿಗೆ ಹೋದಾಗ ತಮ್ಮನ ಕಾರಿನ ಚೇಂಬರ್, ಅಂದರೆ ಎಂಜಿನ್ ಅಡಿಯಲ್ಲಿ ಆಯಿಲ್ ತುಂಬಿರುವ ತೊಟ್ಟಿ, ಒಡೆದಿತ್ತು. ತೋರಣಗಲ್ಲಿಗೆ ದಿನಾ ಹೋಗಿ ಬರುವವನು ಅವನು. ಅದಿರು ಲಾರಿಯಿಂದ ಬಿದ್ದ ಕಲ್ಲು ಬಡಿಯಿತೋ, ಬಣ್ಣ ಬಳಿಯದ ಹಂಪ್ ತಾಗಿತೋ, ಅವನಿಗೂ ಗೊತ್ತಿಲ್ಲ. ಕೆಂಪು ದೀಪ ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡಿದ್ದು ಪುಣ್ಯ. ಆಯಿಲ್ ಇಲ್ಲದೆ ಇನ್ನಷ್ಟು ದೂರ ಓಡಿಸಿದ್ದರೆ ಎಂಜಿನ್ನೇ ಸೀಜ್ ಆಗುತ್ತಿತ್ತು. ಹೊಸ ಚೇಂಬರ್ ಕೂರಿಸಿದ ಮೇಲೆ, ಕೆಳಗೆ ಗಾರ್ಡ್ ಹಾಕಿಸಬೇಕು ಅಂದ. ಹಾಕಿಸೋದ್ಯಾಕೆ, ನಾವೇ ಹಾಕೋಣ ಅಂದೆ.

ಆ ಧೈರ್ಯ ಎಲ್ಲಿಂದ ಬಂತು ಅಂದರೆ, ಹಿಂದಿನ ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ನನ್ನ ಹಳೇ ಕಾರಿಗೂ ಇದೇ ಕೆಲಸ ಮಾಡಿದ್ದೆ. ಅಲ್ಲಿ ಕಾರಿನ ಹೊಟ್ಟೆಗೆ ಹಾಕುವುದು ಪ್ಲಾಸ್ಟಿಕ್ಕು. ಒಂದೆರಡು ಕಿಲೋ ತೂಗಿದರೆ ಜಾಸ್ತಿ. ಕೆಳಗೆ ಗಾಳಿ ನುಣ್ಣಗೆ ಹರಿಯಲಿ, ಸದ್ದು ಕಡಿಮೆಯಾಗಲಿ, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿನ ನೀರು ಮೇಲಕ್ಕೆ ಎರಚದಿರಲಿ ಅಂತ. ಕಲ್ಲು ಬಡಿದರೆ ಅದು ತಡೆಯುವುದಿಲ್ಲ. ನಾನು ಆನ್‌ಲೈನಿನಲ್ಲಿ ತರಿಸಿದ್ದು ಕಂಪನಿಯ ಅಸಲಿ ಕವರ್ ಅಲ್ಲ, ಬೇರೆಯವರು ಅದನ್ನೇ ನೋಡಿ ಮಾಡಿದ್ದು. ಮೂರು ತೂತು ಸರಿಯಾಗಿ ಕೂರಲೇ ಇಲ್ಲ. ತಮಾಷೆ ಅಂದರೆ ಅದನ್ನು ಮನೆ ಮುಂದೆ ಹಾಕುವಂತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಕಾರು ರಿಪೇರಿ ಮಾಡಬಾರದು ಅಂತ ಬಾಡಿಗೆ ಕರಾರಿನಲ್ಲೇ ಬರೆದಿದ್ದಾರೆ. ಗಂಟೆ ಲೆಕ್ಕದಲ್ಲಿ ಲಿಫ್ಟು, ಪಾನಾ ಎಲ್ಲ ಬಾಡಿಗೆಗೆ ಕೊಡುವ ವರ್ಕ್‌ಶಾಪಿಗೆ ಹೋಗಿ ಮಾಡಿದೆ. ನಿಂತುಕೊಂಡೇ, ಬೆನ್ನಿಗೆ ಮಣ್ಣು ತಾಗದ ಹಾಗೆ.

ಬಳ್ಳಾರಿಯಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ಅಂಗಳ, ನಮ್ಮ ಕಾರು. ಅಡ್ಡ ಬಂದಿದ್ದು ಅವ್ವ ಒಬ್ಬಳೇ, ರಂಗೋಲಿ ಅಳಿಸಿ ಹೋಗುತ್ತೆ ಅಂತ.

ತಮ್ಮ ತಂದಿದ್ದು 2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ. ತೂಕ 11 ಕಿಲೋ ಹತ್ತಿರ. ಅಷ್ಟೇ ಅಳತೆಯ ಅಲ್ಯೂಮಿನಿಯಂ ಹಾಳೆ 4 ಮಿಲಿಮೀಟರ್ ದಪ್ಪ ಇದ್ದರೂ ಏಳೂವರೆ ಕಿಲೋ ಬರುತ್ತೆ, ಆದರೆ ದುಡ್ಡು ಜಾಸ್ತಿ. ಸಂಡೂರಿನ ಗುಡ್ಡ ಅಗೆದು ತೆಗೆದ ಅದಿರು ತೋರಣಗಲ್ಲಿನ ಕಾರ್ಖಾನೆಯಲ್ಲಿ ಉಕ್ಕಾಗುತ್ತೆ. ಆ ಅದಿರು ಸಾಗಿಸುವ ಲಾರಿಯಿಂದ ಉದುರುವ ಕಲ್ಲಿಗೆ ಅಡ್ಡ ಹಿಡಿಯೋದಕ್ಕೆ ಮತ್ತೆ ಉಕ್ಕಿನದೇ ತಗಡು!

ನಾನು ಜಗಳ ಆಡಿದ್ದು ಒಂದೇ ವಿಷಯಕ್ಕೆ. ತಮ್ಮ ಜಾಕ್ ಏರಿಸಿ, ಪಕ್ಕದಲ್ಲಿ ನಾಲ್ಕು ಸಿಮೆಂಟ್ ಬ್ಲಾಕ್ ಪೇರಿಸಿ, ಕೆಳಗೆ ನುಗ್ಗೋಕೆ ಹೊರಟಿದ್ದ. ಸಿಮೆಂಟ್ ಬ್ಲಾಕು ಮುನ್ಸೂಚನೆ ಕೊಡದೆ ಒಮ್ಮೆಲೇ ಸಿಡಿಯುತ್ತೆ. ಜಾಕ್ ಇರುವುದು ಎತ್ತೋದಕ್ಕೆ, ಹೊತ್ತು ನಿಲ್ಲೋದಕ್ಕಲ್ಲ. "ಏನಾಗಲ್ಲ ಬಿಡಣ್ಣ, ಎಲ್ರೂ ಹಿಂಗೇ ಮಾಡೋದು" ಅಂದ. ನಾನು ಜಾಕ್ ಇಳಿಸಿಬಿಟ್ಟೆ. ಕೌಲ್ ಬಜಾರಿನ ಪರಿಚಯದ ಮೇಸ್ತ್ರಿ ಹತ್ತಿರ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಸ್ಟ್ಯಾಂಡ್ ಕೇಳಿ ತಂದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದ ಮೇಲೇ ಒಳಗೆ ಹೋಗಿದ್ದು. ಈ ವಿಷಯದಲ್ಲಿ ನಮ್ಮೂರಿನ ಪದ್ಧತಿಗೆ ನಾನು ರಿಯಾಯಿತಿ ಕೊಡುವುದಿಲ್ಲ.

ಉಳಿದ ಕೆಲಸ ಸುಲಭ. ಛಾಸಿಯಲ್ಲಿ ಮೊದಲೇ ಇರುವ ತೂತುಗಳಿಗೇ ಬೋಲ್ಟ್ ಹಾಕಬೇಕು, ಹೊಸದಾಗಿ ಡ್ರಿಲ್ ಮಾಡಬಾರದು. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ನಿಲ್ಲಿಸಿ, ಆಮೇಲೆ ಬಿಗಿ ಮಾಡಬೇಕು. ಒಂದನ್ನೇ ಮೊದಲು ಬಿಗಿದರೆ ಕೊನೆಯದು ಕೂರುವುದೇ ಇಲ್ಲ. ತಗಡು ಗಲಗಲ ಅನ್ನದಂತೆ ನಡುವೆ ರಬ್ಬರ್ ವಾಷರ್. ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು.

ಸ್ಟ್ಯಾಂಡ್ ಕೊಟ್ಟ ಮೇಸ್ತ್ರಿ ಸಂಜೆ ವಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ತಾವೇ ಬಂದರು. ತಗಡಿನ ಹಿಂಭಾಗದ ಸೀಳುಗಳನ್ನು ಮೆಚ್ಚಿದರು. ಏಪ್ರಿಲಿನಲ್ಲಿ 40 ಡಿಗ್ರಿ ದಾಟುವ ಊರು ಇದು. ಎಂಜಿನ್ನಿನ ಬಿಸಿಗಾಳಿ ಹೊರಗೆ ಹೋಗಲು ದಾರಿ ಬೇಕು, ಒಳಗೆ ಸೇರಿದ ಕೆಂಪು ಕೆಸರೂ ಇಳಿದು ಹೋಗಬೇಕು. ಪೂರ್ತಿ ಮುಚ್ಚಿದ ತಗಡು ಇಲ್ಲಿಗೆ ಆಗಿಬರುವುದಿಲ್ಲ. ಆದರೆ ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಕೆಳಗೆ ತೂತು ಇಲ್ಲದ್ದು ಕಂಡು ತಲೆ ಚಚ್ಚಿಕೊಂಡರು.

"ಆಯಿಲ್ ಬದಲಿ ಮಾಡುವಾಗೆಲ್ಲ ಇದನ್ನ ಬಿಚ್ಬೇಕಲ್ರೀ?"

"ಬಿಚ್ಚಲಿ ಅಂತಲೇ ಬಿಟ್ಟಿದ್ದು" ಅಂದೆ.

"ಜರ್ಮನಿಯಾಗ ಟೈಮ್ ಜಾಸ್ತಿ ಸಿಗ್ತದ ಅಂತ ಕಾಣ್ತದ" ಅಂತ ನಕ್ಕರು.

ನಗಲಿ. ನನ್ನ ಲೆಕ್ಕ ಬೇರೆ ಇತ್ತು. ತಗಡು ಕಲ್ಲನ್ನು ತಡೆಯುವುದರ ಜೊತೆಗೆ ಹೊಟ್ಟೆಯನ್ನೇ ಕಣ್ಣಿಗೆ ಮರೆ ಮಾಡುತ್ತೆ. ಮೊದಲಾದರೆ ಬೆಳಗ್ಗೆ ಅಂಗಳದಲ್ಲಿ ಎಣ್ಣೆಯ ಕಲೆ ಕಂಡು ಎಲ್ಲೋ ಸೋರುತ್ತಿದೆ ಅಂತ ಗೊತ್ತಾಗುತ್ತಿತ್ತು. ಈಗ ಆ ಹನಿ ತಗಡಿನ ಮೇಲೆಯೇ ಕೂತಿರುತ್ತೆ. ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ತಪಾಸಣೆ ಕಡ್ಡಾಯ. ಯಾರೋ ಒಬ್ಬರು ಕಾರು ಎತ್ತಿ, ಟಾರ್ಚ್ ಹಿಡಿದು ನೋಡೇ ನೋಡುತ್ತಾರೆ. ನಮ್ಮಲ್ಲಿ ಸ್ವಂತ ಕಾರಿನ ರಿಜಿಸ್ಟ್ರೇಶನ್ನೇ 15 ವರ್ಷಕ್ಕೆ. ಅಲ್ಲೀವರೆಗೂ ಸರ್ಕಾರದವರು ಕೆಳಗೆ ಬಗ್ಗಿ ನೋಡುವ ಪ್ರಸಂಗ ಬರೋದಿಲ್ಲ. ಹಾಗಿದ್ದ ಮೇಲೆ ನೋಡಬೇಕಾದವರು ಯಾರು? ಕಾರಿನವನೇ ಅಲ್ವಾ? ಗಾರ್ಡನ್ನು ಮನೆಯಲ್ಲೇ ಹಾಕಬೇಕು ಅನ್ನೋದು ನಾಲ್ಕು ಕಾಸು ಉಳಿಸೋಕಲ್ಲ. ಕೈಯಾರೆ ಬೋಲ್ಟ್ ಹಾಕಿದವನಿಗೆ ಬಿಚ್ಚುವ ಭಯ ಇರೋದಿಲ್ಲ. ಅಂಗಡಿಯಲ್ಲಿ ಹಾಕಿಸಿದವನು ಅದನ್ನು ಮರೆತೇಬಿಡುತ್ತಾನೆ.

ಮಾರ್ಚಿನಲ್ಲಿ ತಮ್ಮ ಫೋಟೋ ಕಳಿಸಿದ. ಬಿಚ್ಚಿಟ್ಟ ತಗಡಿನ ಮೇಲೆ ಒಂದು ಬೊಗಸೆ ಅದಿರಿನ ಚೂರು, ಒಣಗಿದ ಕೆಂಪು ಕೆಸರು, ಮಧ್ಯದಲ್ಲಿ ಅಂಗೈಯಗಲ ಎಣ್ಣೆಯ ಪಸೆ. ಡ್ರೈನ್ ಬೋಲ್ಟಿನ ವಾಷರ್ ಹೋಗಿತ್ತಂತೆ, ಹೊಸದು ಹಾಕಿದನಂತೆ. ಕೆಳಗೆ ಒಂದು ಸಾಲು ಬರೆದಿದ್ದ: "ಅಣ್ಣ, ನಿನ್ ಕಾರಿಂದು ಲಾಸ್ಟ್ ಯಾವಾಗ ಬಿಚ್ಚಿದ್ದೆ?"

ಹಾಕಿದ ಮೇಲೆ ನಾನು ಒಮ್ಮೆಯೂ ಬಿಚ್ಚಿಲ್ಲ. ತಪಾಸಣೆಗೆ ಇನ್ನೂ ಏಳು ತಿಂಗಳು ಇದೆಯಲ್ಲ ಅಂತ ಸುಮ್ನೆ ಕೂತಿದ್ದೆ.