ಒಂದು 'ಓ' ಜಾಸ್ತಿಯಾದರೆ

ಪಾರ್ಕಿಂಗ್ ಚೀಟಿ ಮೇಲೆ 'ಡು ನಾಟ್ ಲೂಸ್ ದಿಸ್ ಟೋಕನ್' ಅಂತ ಎರಡು 'ಓ' ಹಾಕಿ ಅಚ್ಚು ಮಾಡಿಸ್ತಾರಲ್ಲ, ಪ್ರೂಫ್ ನೋಡೋರು ಯಾರೂ ಇಲ್ವಾ? ಎರಡು 'ಓ' ಇದ್ದರೆ (loose) ಸಡಿಲ, ಒಂದೇ ಇದ್ದರೆ (lose) ಕಳೆದುಕೊಳ್ಳು. ಚೀಟಿ ಸಡಿಲ ಮಾಡಬೇಡಿ ಅಂತಾಯ್ತು!

ಉಚ್ಚಾರಣೆಯೂ ಬೇರೆ. ಸಡಿಲದ್ದರ ಕೊನೆಗೆ ಬರೀ 'ಸ್'. ಇನ್ನೊಂದರ ಕೊನೆಗೆ ನಾಲಿಗೆ ಅದೇ ಜಾಗದಲ್ಲಿದ್ದು ಗಂಟಲು ಗುಂಯ್‌ಗುಡಬೇಕು. ಕತ್ತಿನ ಮೇಲೆ ಬೆರಳಿಟ್ಟರೆ ಕಂಪನ ಸಿಗುತ್ತೆ. ಕನ್ನಡದಲ್ಲಿ ಆ ಸದ್ದಿಗೆ 'ಜ' ಕೆಳಗೆ ಎರಡು ಚುಕ್ಕಿ ಇಡಬೇಕು. ಇಡೋರು ಯಾರು? ಹಾಗಾಗಿ ಎರಡೂ 'ಲೂಸ್'. ಸಾಲದ್ದಕ್ಕೆ ತಲೆ ಕೆಟ್ಟವನೂ ನಮ್ಮಲ್ಲಿ ಲೂಸೇ.

ಇಂಗ್ಲಿಷೇನೂ ಸಾಚಾ ಅಲ್ಲ. 'ಚೂಸ್'ಗೆ ಎರಡು 'ಓ' ಕೊಟ್ಟು ಗುಂಯ್‌ಗುಡಿಸಿ, ಕಳೆದುಕೊಳ್ಳೋ 'ಲೂಸ್'ಗೆ ಒಂದೇ ಕೊಟ್ಟರೆ ಜನ ಏನ್ಮಾಡ್ಬೇಕು? ಸಡಿಲದ್ದು ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನ 'ಲೌಸ್'ನಿಂದ ಬಂತು. ಇನ್ನೊಂದು ಹಳೆಯ ಇಂಗ್ಲಿಷಿನ 'ಲೊಸಿಯನ್', ಅಂದರೆ ನಾಶವಾಗು. ಇನ್ನೂ ಹಿಂದೆ ಹೋದರೆ ಬೇರು ಒಂದೇ. 'ಹೋಮ್‌ಲೆಸ್'ನ 'ಲೆಸ್' ಕೂಡ ಅದೇ ಬಳಗ.

ಅನುಮಾನ ಬಂದರೆ ಭೂತಕಾಲಕ್ಕೆ ತಿರುಗಿಸಿ: 'ಲಾಸ್ಟ್' (lost) ಆದರೆ ಒಂದೇ 'ಓ'. 'ಟೈಟ್'ಗೆ ವಿರುದ್ಧವಾಗಿ ಕೂತರೆ ಎರಡು. ಪ್ಯಾಂಟಿಗೂ ಭೇದಿಗೂ ಎರಡು, ಪಂದ್ಯಕ್ಕೂ ಪರ್ಸಿಗೂ ಒಂದೇ.