ಸತ್ಯಾಂಶ: ಅರವತ್ತರ ನಂತರ ಭಾರ ಎತ್ತಬಾರದೇ?

"ಅರವತ್ತು ದಾಟಿದ ಕ್ರೀಡಾಪಟುಗಳು ಭಾರ ಎತ್ತಿದರೆ ಕೀಲು ಸವೆಯುತ್ತದೆ, ನಡಿಗೆಯೊಂದೇ ಸಾಕು" ಎಂಬ ವಾಟ್ಸ್‌ಆ್ಯಪ್ ಸಂದೇಶ ಹಿರಿಯರ ಕ್ರೀಡಾಕೂಟಗಳಿಗೆ ಸಿದ್ಧರಾಗುತ್ತಿರುವವರನ್ನು ಸುಮ್ಮನೆ ಹೆದರಿಸುತ್ತಿದೆ. ಇದು ನಿಜವಲ್ಲ. ವಯಸ್ಸಾದಂತೆ ಹೆಚ್ಚಾಗಿ ಕುಗ್ಗುವುದು ವೇಗದ ಓಟಕ್ಕೂ ಗುಂಡೆಸೆತಕ್ಕೂ ಬೇಕಾದ, ಚುರುಕಾಗಿ ಸಂಕುಚಿಸುವ ಸ್ನಾಯುತಂತುಗಳು. ನಿಧಾನ ನಡಿಗೆ ಅವುಗಳನ್ನು ಅಷ್ಟಾಗಿ ದುಡಿಸುವುದಿಲ್ಲ, ಭಾರ ದುಡಿಸುತ್ತದೆ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಚಿಕ್ಕ ಅಧ್ಯಯನದಲ್ಲಿ, ಆರೈಕೆ ಕೇಂದ್ರದಲ್ಲಿದ್ದ 90 ವರ್ಷದ ಆಸುಪಾಸಿನ ದುರ್ಬಲ ಹಿರಿಯರು 8 ವಾರ ಭಾರದೊಡನೆ ಕಾಲಿನ ವ್ಯಾಯಾಮ ಮಾಡಿದಾಗ, ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಅವರ್ಯಾರೂ ಕ್ರೀಡಾಪಟುಗಳಾಗಿ ತರಬೇತಿಯಲ್ಲಿದ್ದವರಲ್ಲ ಎಂಬುದನ್ನು ಗಮನಿಸಬೇಕು. ನಿಜವಾದ ಎಚ್ಚರ ಬೇಕಿರುವುದು ಎತ್ತುವ ವಿಧಾನದಲ್ಲಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುವುದರಿಂದ, ಭಾರ ಮೇಲೆತ್ತುವಾಗ ಉಸಿರನ್ನು ಹೊರಬಿಡಬೇಕು. ಹೃದ್ರೋಗವಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.